ನಾಯಕನಹಟ್ಟಿಯ ಲೆಕ್ಕ ನಾಯಕನಹಟ್ಟಿಯಲ್ಲೇ ಆಗಲಿ

ಚಿತ್ರದುರ್ಗ ಜಿಲ್ಲೆಯ ಚಳ್ಳಕೆರೆ ತಾಲ್ಲೂಕಿಗೆ ಸೇರಿದ ನಾಯಕನಹಟ್ಟಿಯ ಹೆಸರನ್ನು ಕೇಳದವರು ಈ ಸೀಮೆಯಲ್ಲಿ ಯಾರೂ ಇರಲಾರರು. ಫಾಲ್ಗುಣ ಮಾಸದಲ್ಲಿ ನಡೆಯುವ ಗುರು ತಿಪ್ಪೇರುದ್ರಸ್ವಾಮಿಗಳ ರಥೋತ್ಸವಕ್ಕೆ ನೆರೆಯ ಆಂಧ್ರದಿಂದಲೂ ಜನ ಬರುತ್ತಾರೆ. ಬರಗಾಲದ ಈ ನಾಡಿನಲ್ಲಿ ಸ್ವಾಮಿಗಳು ಕೆರೆಗಳನ್ನು ಕಟ್ಟಿಸಿದರೆಂದೂ, ಮಣ್ಣು ಹೊತ್ತವರಿಗೆ ಅವರವರ ದುಡಿಮೆಗೆ ಸರಿಯಾಗಿ ಕೂಲಿ ಸಂದಿತೆಂದೂ ಐತಿಹ್ಯವಿದೆ. ‘ಮಾಡಿದಷ್ಟು ನೀಡು ಭಿಕ್ಷೆ’ ಎಂಬ ಮಾತು ಇಂದಿಗೂ ಅಲ್ಲಿ ಎಲ್ಲರ ನಾಲಗೆಯ ಮೇಲಿದೆ. ಅದರ ಪಾರಮಾರ್ಥಿಕ ಅರ್ಥವನ್ನು ಬಲ್ಲವರು ವಿವರಿಸಲಿ. ವಿಜ್ಞಾನದ ವಿದ್ಯಾರ್ಥಿಗಳಾದ ನಮ್ಮ ದೃಷ್ಟಿ ‘ಮಾಡಿದಷ್ಟು’ ಎಂಬ ಶಬ್ದದ ಮೇಲೆ ನಿಲ್ಲುತ್ತದೆ. ಎಷ್ಟು ಮಾಡಿದ್ದೆಂದು ಅಳೆಯುವವರು ಯಾರು? ಅಳೆದ ಮೇಲೆ ಲೆಕ್ಕ ಹಾಕುವವರು ಯಾರು? ಆ ಲೆಕ್ಕ ಸರಿಯಾಗಿದೆಯೆಂದು ಇನ್ನೊಬ್ಬರು ನೋಡಬಹುದೇ?

ಈ ಪ್ರಶ್ನೆಗಳು ಪುರಾಣಕಾಲದವಲ್ಲ. ವರ್ಷಕ್ಕೆ ೫೦೦ ಮಿಲಿಮೀಟರಿನ ಆಸುಪಾಸು ಮಳೆ ಬೀಳುವ ಈ ತಾಲ್ಲೂಕಿನಲ್ಲಿ ಶೇಂಗಾ ಬಿತ್ತಿದ ರೈತನು ಪ್ರತಿವರ್ಷವೂ ಅವನ್ನು ಎದುರಿಸುತ್ತಿದ್ದಾನೆ. ೨೦೧೬ರಲ್ಲಿ ಆರಂಭವಾದ ಪ್ರಧಾನಮಂತ್ರಿ ಫಸಲ್ ಬಿಮಾ ಯೋಜನೆಯಂತೆ ಮುಖ್ಯ ಬೆಳೆಗಳಿಗೆ ಗ್ರಾಮ ಪಂಚಾಯಿತಿಯೇ ವಿಮೆಯ ಘಟಕ. ಒಬ್ಬೊಬ್ಬ ರೈತನ ಹೊಲವನ್ನೂ ಅಳೆಯುವುದು ಆಗದ ಮಾತಾದುದರಿಂದ, ಪಂಚಾಯಿತಿಯಲ್ಲಿ ಕನಿಷ್ಠ ನಾಲ್ಕು ತಾಕುಗಳನ್ನು ಯಾದೃಚ್ಛಿಕವಾಗಿ ಆರಿಸಿ, ಅಲ್ಲಿ ಬೆಳೆ ಕಟಾವು ಪ್ರಯೋಗವನ್ನು ನಡೆಸುತ್ತಾರೆ. ಹೆಚ್ಚಿನ ಬೆಳೆಗಳಿಗೆ ಆ ತಾಕು ೫ ಮೀಟರು ಉದ್ದ, ೫ ಮೀಟರು ಅಗಲ. ಹೀಗೆ ದೊರೆತ ಸರಾಸರಿ ಇಳುವರಿಯು ಹಿಂದಿನ ವರ್ಷಗಳ ಆಧಾರದಿಂದ ಗೊತ್ತುಪಡಿಸಿದ ಮಟ್ಟಕ್ಕಿಂತ ಕೆಳಗಿಳಿದರೆ ಪಂಚಾಯಿತಿಯ ವಿಮೆದಾರರೆಲ್ಲರಿಗೂ ಪರಿಹಾರ. ಇಳಿಯದಿದ್ದರೆ ಯಾರಿಗೂ ಇಲ್ಲ.

ವಾಚಕರು ದಯವಿಟ್ಟು ಕಾಗದ, ಪೆನ್ಸಿಲುಗಳನ್ನು ತೆಗೆದುಕೊಂಡು ನಮ್ಮೊಡನೆ ಸ್ವಲ್ಪ ಲೆಕ್ಕ ಮಾಡಬೇಕು. ಕೆಳಗಿನ ಅಂಕಿಗಳು ನಾವು ಉದಾಹರಣೆಗಾಗಿ ಕಲ್ಪಿಸಿಕೊಂಡವು. ಯಾವ ಊರಿನವೂ ಅಲ್ಲ. ನಾಲ್ಕು ತಾಕುಗಳಲ್ಲಿ ಕ್ರಮವಾಗಿ ೦.೮, ೧.೦, ೧.೨ ಮತ್ತು ೩.೦ ಕಿಲೋ ಕಾಯಿ ದೊರೆಯಿತೆನ್ನೋಣ. ನಾಲ್ಕನೆಯದು ಕೆರೆಯಂಗಳಕ್ಕೆ ತಾಗಿದ ತೇವದ ನೆಲ. ಸರಾಸರಿ ೧.೫ ಕಿಲೋ. ತಾಕಿನ ವಿಸ್ತೀರ್ಣ ೨೫ ಚದರ ಮೀಟರಾದುದರಿಂದ ಇದು ಹೆಕ್ಟೇರಿಗೆ ೬೦೦ ಕಿಲೋ ಆಯಿತು. ಗೊತ್ತುಪಡಿಸಿದ ಮಟ್ಟ ೫೫೦ ಕಿಲೋ ಎಂದಿದ್ದರೆ ಪರಿಹಾರವಿಲ್ಲ. ಆದರೆ ಆ ನಾಲ್ಕನೆಯ ತಾಕು ಆಯ್ಕೆಯಾಗದೆ, ಮಿಕ್ಕ ಮೂರರಂಥದೇ ಇನ್ನೊಂದು ಬಂದಿದ್ದರೆ? ಆಗ ಹೆಕ್ಟೇರಿಗೆ ಸುಮಾರು ೪೦೦ ಕಿಲೋ ಆಗಿ ಇಡೀ ಪಂಚಾಯಿತಿಗೆ ಪರಿಹಾರ ಬರುತ್ತಿತ್ತು. ಸಂಖ್ಯಾಶಾಸ್ತ್ರವನ್ನು ಓದಿರುವ ಕಾಲೇಜು ವಿದ್ಯಾರ್ಥಿಗಳು ಈ ನಾಲ್ಕು ಅಂಕಿಗಳ ಸರಾಸರಿಯ ಮಾನಕ ದೋಷವನ್ನು ಕಂಡುಹಿಡಿಯಲಿ. ಅದು ತಾಕಿಗೆ ಸುಮಾರು ೦.೫ ಕಿಲೋ, ಅಂದರೆ ಹೆಕ್ಟೇರಿಗೆ ೨೦೦ ಕಿಲೋ. ೬೦೦ ಎಂದು ದಪ್ಪಕ್ಷರಗಳಲ್ಲಿ ಬರೆದ ಸಂಖ್ಯೆಯ ಬೆನ್ನಿಗೆ ೨೦೦ರ ಅನಿಶ್ಚಯವು ಅಂಟಿಕೊಂಡಿದೆ. ೫೫೦ರ ಗೆರೆ ಆ ಮಬ್ಬಿನೊಳಗೇ ಇದೆ.

ಇನ್ನೊಂದು ರೀತಿಯಲ್ಲಿಯೂ ಇದನ್ನು ನೋಡಬಹುದು. ನಾಲ್ಕು ಚೀಟಿಗಳ ಮೇಲೆ ಈ ನಾಲ್ಕು ಅಂಕಿಗಳನ್ನು ಬರೆದು ಮಡಕೆಗೆ ಹಾಕಿ. ಒಂದನ್ನೆತ್ತಿ, ಬರೆದುಕೊಂಡು, ಮತ್ತೆ ಮಡಕೆಗೇ ಹಾಕಿ. ಹೀಗೆ ನಾಲ್ಕು ಸಾರಿ ಎತ್ತಿ ಸರಾಸರಿಯನ್ನು ಗುರುತು ಮಾಡಿ. ಈ ಆಟವನ್ನು ೧೦,೦೦೦ ಸಾರಿ ಆಡಿದರೆ, ಸುಮಾರು ೩,೩೦೦ ಸಾರಿ ಸರಾಸರಿಯು ೫೫೦ರ ಗೆರೆಯಿಂದ ಕೆಳಗೆ ಬೀಳುತ್ತದೆ. ೧೯೭೯ರಲ್ಲಿ ಅಮೆರಿಕದ ಬ್ರ್ಯಾಡ್ಲಿ ಎಫ್ರನ್ ಎಂಬ ಸಂಖ್ಯಾಶಾಸ್ತ್ರಜ್ಞರು ಪ್ರಕಟಿಸಿದ ‘ಬೂಟ್‌ಸ್ಟ್ರಾಪ್’ ಎಂಬ ವಿಧಾನ ಇದು. ನಾಲ್ಕೇ ಅಂಕಿಗಳಿದ್ದಾಗ ಇದನ್ನೂ ಪೂರ್ತಿಯಾಗಿ ನಂಬಲಾಗದು, ನಿಜ. ಆದರೂ ಮೂರರಲ್ಲಿ ಒಂದು ಪಾಲು ತೀರ್ಪು ತಿರುಗಿಬೀಳುವಂತಿದೆ ಎಂಬುದನ್ನು ಕಣ್ಣಾರೆ ಕಂಡವನು ಮುಂದೆಂದೂ ಬರಿಯ ಸರಾಸರಿಯನ್ನು ನೋಡಿ ಸುಮ್ಮನಾಗಲಾರ. ಈ ಲೆಕ್ಕ ರೈತನ ಪಕ್ಷಪಾತಿಯಲ್ಲವೆಂಬುದನ್ನೂ ಹೇಳಬೇಕು. ಸಲ್ಲದ ಪರಿಹಾರವು ಸಂದ ಸಂದರ್ಭವನ್ನೂ ಅದು ಅಷ್ಟೇ ನಿರ್ದಾಕ್ಷಿಣ್ಯವಾಗಿ ತೋರಿಸುತ್ತದೆ.

೧೦,೦೦೦ ಸಾರಿ ಮಡಕೆಗೆ ಕೈ ಹಾಕುವ ತಾಳ್ಮೆ ಯಾರಿಗಿದೆ? ಗಣಕಯಂತ್ರಕ್ಕಿದೆ. ಅದಕ್ಕೆ ಇದು ಕಣ್ಣು ರೆಪ್ಪೆ ಬಡಿಯುವಷ್ಟು ಹೊತ್ತಿನ ಕೆಲಸ. ಆ ಗಣಕಯಂತ್ರವು ನಾಯಕನಹಟ್ಟಿ ಹೋಬಳಿಯ ವಿದ್ಯಾರ್ಥಿಗಳ ಕೈಗೆ ಸಿಗುವಂತೆ, ಅಲ್ಲಿಯ ಕಾಲೇಜೊಂದರಲ್ಲಿಯೇ ಇರಬೇಕು ಎಂಬುದು ನಮ್ಮ ವಾದ.

ಇದಕ್ಕೆ ಬೇಕಾದ ಸಲಕರಣೆ ಹೊಸದೇನೂ ಅಲ್ಲ. ಅಮೆರಿಕದ ಬೆಲ್ ಪ್ರಯೋಗಾಲಯದಲ್ಲಿ ೧೯೭೬ರಲ್ಲಿ ಜಾನ್ ಚೇಂಬರ್ಸ್ ಮತ್ತು ಸಂಗಡಿಗರು ‘ಎಸ್’ ಎಂಬ ಸಂಖ್ಯಾಶಾಸ್ತ್ರದ ಗಣಕಭಾಷೆಯ ಕೆಲಸಕ್ಕೆ ಕೈಹಾಕಿದರು. ಅದರ ಜಾಡಿನಲ್ಲಿ ನ್ಯೂಜಿಲೆಂಡಿನ ಆಕ್ಲೆಂಡ್ ವಿಶ್ವವಿದ್ಯಾನಿಲಯದ ರಾಸ್ ಇಹಾಕ ಮತ್ತು ರಾಬರ್ಟ್ ಜಂಟಲ್‌ಮನ್ ಎಂಬಿಬ್ಬರು ೧೯೯೦ರ ದಶಕದ ಮೊದಲಲ್ಲಿ, ತಮ್ಮ ವಿದ್ಯಾರ್ಥಿಗಳಿಗೆ ಕಲಿಸುವ ಸಲುವಾಗಿ, ‘ಆರ್’ ಎಂಬ ಭಾಷೆಯನ್ನು ರಚಿಸಿದರು. ೧೯೯೫ರಲ್ಲಿ ಅದನ್ನು ಯಾರು ಬೇಕಾದರೂ ಬೆಲೆಯಿಲ್ಲದೆ ಪಡೆದು, ಬಳಸಿ, ತಿದ್ದಬಹುದಾದ ಮುಕ್ತ ಪರವಾನಗಿಯೊಡನೆ ಬಿಟ್ಟುಕೊಟ್ಟರು. ಇಂದು ಜಗತ್ತಿನ ದೊಡ್ಡ ವಿಶ್ವವಿದ್ಯಾನಿಲಯಗಳು ಬಳಸುವ ‘ಆರ್’ ಭಾಷೆಗೂ ನಾಯಕನಹಟ್ಟಿಯ ಹುಡುಗ ಬಳಸಬಹುದಾದ ‘ಆರ್’ ಭಾಷೆಗೂ ಕೂದಲೆಳೆಯಷ್ಟೂ ಅಂತರವಿಲ್ಲ. ಇಂಥ ಸಮಾನತೆ ವಿಜ್ಞಾನದ ಉಪಕರಣಗಳಲ್ಲಿ ಬಲು ಅಪರೂಪ. ದೂರದರ್ಶಕ, ಸೂಕ್ಷ್ಮದರ್ಶಕಗಳ ವಿಷಯದಲ್ಲಿ ನಾವು ಈ ಮಾತನ್ನು ಆಡಲಾರೆವು.

ಆದರೆ ‘ಆರ್’ ನಡೆಯಬೇಕಾದರೆ ಗಣಕಯಂತ್ರ ಬೇಕು. ನಮ್ಮ ವಿದ್ಯಾರ್ಥಿಗಳ ಬಳಿ ಇರುವುದು, ಇದ್ದರೆ, ಮೊಬೈಲು ಫೋನು. ಇಲ್ಲಿಯೇ ಸರ್ವರಿನ ಉಪಯೋಗ. ‘ಸರ್ವರ್’ ಎಂದರೆ ಬಡಿಸುವವನು. ಜಾತ್ರೆಯ ದಾಸೋಹವನ್ನು ನೆನೆಯಿರಿ. ಒಲೆ, ಕಡಾಯಿ, ಸೌದೆ, ಬಾಣಸಿಗರು ಎಲ್ಲ ಒಂದೆಡೆ. ಉಣ್ಣುವವರು ತಟ್ಟೆಯ ಮುಂದೆ ಕುಳಿತರೆ ಸಾಕು. ಹಾಗೆಯೇ ಲೆಕ್ಕ ಮಾಡುವ ‘ಆರ್’ ಒಂದು ಯಂತ್ರದಲ್ಲಿರುತ್ತದೆ. ವಿದ್ಯಾರ್ಥಿಯು ತನ್ನ ಫೋನಿನ ಬ್ರೌಸರಿನಲ್ಲಿ ಆ ಯಂತ್ರದ ವಿಳಾಸವನ್ನು ಬರೆದು, ಲೆಕ್ಕದ ಕ್ರಮವನ್ನು ಕಳುಹಿಸುತ್ತಾನೆ. ಉತ್ತರವೂ ನಕ್ಷೆಯೂ ಅವನ ತೆರೆಯ ಮೇಲೆ ಮೂಡುತ್ತವೆ. ಅಮೆರಿಕದ ಮೊಂಟಾನ ರಾಜ್ಯ ವಿಶ್ವವಿದ್ಯಾನಿಲಯದ ಜೆಫ್ ಬ್ಯಾನ್‌ಫೀಲ್ಡ್ ಎಂಬುವರು ‘ಆರ್‌ವೆಬ್’ ಎಂಬ ಹೆಸರಿನಲ್ಲಿ ಇಂಥ ಏರ್ಪಾಟನ್ನು ೧೯೯೯ರಲ್ಲಿಯೇ ಪ್ರಕಟಿಸಿದ್ದರು. ೨೦೧೧ರಲ್ಲಿ ಬಂದ ‘ಆರ್‌ಸ್ಟುಡಿಯೊ ಸರ್ವರ್’ ಈ ಕೆಲಸವನ್ನು ಬಹಳ ಸುಲಭಗೊಳಿಸಿತು.

ಎಷ್ಟು ಸುಲಭವೆಂಬುದನ್ನು ನಾವೇ ಪರೀಕ್ಷಿಸಿ ನೋಡಿದೆವು. ನಾಯಕನಹಟ್ಟಿಗೆ ಸಮೀಪದ ಹಳ್ಳಿಯೊಂದರಲ್ಲಿ ಮಿತ್ರರೊಬ್ಬರ ಮನೆಯ ಅಟ್ಟದ ಮೇಲೆ ಧೂಳು ಹಿಡಿದು ಬಿದ್ದಿದ್ದ ಹಳೆಯ ಗಣಕಯಂತ್ರವನ್ನು ಇಳಿಸಿ, ಒರೆಸಿ, ಅದರಲ್ಲಿ ಲಿನಕ್ಸ್ ಎಂಬ ಮುಕ್ತ ಕಾರ್ಯವ್ಯವಸ್ಥೆಯನ್ನು ಹಾಕಿದೆವು. ಅದರ ಮೇಲೆ ‘ಆರ್’, ಅದರ ಮೇಲೆ ‘ಆರ್‌ಸ್ಟುಡಿಯೊ ಸರ್ವರ್’. ಪ್ರತಿಯೊಬ್ಬ ವಿದ್ಯಾರ್ಥಿಗೂ ಒಂದು ಹೆಸರು, ಒಂದು ಗುಪ್ತಪದ. ಇಷ್ಟಕ್ಕೆ ಒಂದು ಭಾನುವಾರದ ಮಧ್ಯಾಹ್ನ ಸಾಕಾಯಿತು. ಮನೆಯ ಒಳಗಿನ ವೈಫೈ ಜಾಲದಲ್ಲಿಯೇ ಎಲ್ಲವೂ ನಡೆದುದರಿಂದ ಹೊರಗಿನ ಇಂಟರ್ನೆಟ್ಟು ಬಂದುಹೋಗುತ್ತಿದ್ದರೂ ಕೆಲಸಕ್ಕೆ ತೊಂದರೆಯಾಗಲಿಲ್ಲ. ಹಳ್ಳಿಗಾಡಿನಲ್ಲಿ ಸರ್ವರನ್ನು ಸಮೀಪದಲ್ಲಿಯೇ ಇಟ್ಟುಕೊಳ್ಳಬೇಕೆನ್ನುವುದಕ್ಕೆ ಇದೂ ಒಂದು ಕಾರಣ. ಕರೆಂಟಿನ ಮಾತು ಬೇರೆ. ಅದು ಹೋದಾಗ ಯಂತ್ರವು ಥಟ್ಟನೆ ಆರಿಹೋಗಿ, ಬರೆದ ಲೆಕ್ಕಗಳೆಲ್ಲ ಮಾಯವಾದವು. ಎರಡನೆಯ ದಿನ ಬ್ಯಾಟರಿಯೊಂದನ್ನು ತಂದಿಟ್ಟೆವು.

ಮೂರನೆಯ ದಿನದ ಅನಾಹುತ ಹೆಚ್ಚು ಬೋಧಪ್ರದವಾಗಿತ್ತು. ಎರಡನೆಯ ಪಿ.ಯು.ಸಿ.ಯ ಹುಡುಗನೊಬ್ಬನು ೧೦,೦೦೦ ಸಾರಿಯ ಆಟ ಅಷ್ಟು ಬೇಗ ಮುಗಿದುದನ್ನು ಕಂಡು, ಹತ್ತು ಕೋಟಿ ಸಾರಿ ಆಡಿಸೋಣವೆಂದು ಆಜ್ಞಾಪಿಸಿದ. ‘ಆರ್’ ತನ್ನ ಅಂಕಿಗಳನ್ನೆಲ್ಲ ಯಂತ್ರದ ಮುಖ್ಯ ಸ್ಮೃತಿಯಲ್ಲಿ ಇಟ್ಟುಕೊಳ್ಳುವ ಸ್ವಭಾವದ್ದು. ಸ್ಮೃತಿ ತುಂಬಿಹೋಗಿ, ಮಿಕ್ಕ ಹನ್ನೊಂದು ಮಂದಿಯ ಕೆಲಸವೂ ನಿಂತಿತು. ಒಬ್ಬನೇ ಕಡಾಯಿಯನ್ನೆಲ್ಲ ತನ್ನ ಎಲೆಗೆ ಬಗ್ಗಿಸಿಕೊಂಡಂತಾಯಿತು! ಅಂದಿನಿಂದ ಒಬ್ಬೊಬ್ಬರಿಗೂ ಇಷ್ಟೇ ಸ್ಮೃತಿ, ಇಷ್ಟೇ ಹೊತ್ತು ಎಂಬ ಮಿತಿಯನ್ನು ಕಟ್ಟಿದೆವು. ಹುಡುಗನನ್ನು ಯಾರೂ ಗದರಿಸಲಿಲ್ಲ, ಗದರಿಸಿದ್ದರೆ ತಪ್ಪಾಗುತ್ತಿತ್ತು.

ಇಲ್ಲಿ ಒಂದು ಎಚ್ಚರಿಕೆಯನ್ನು ಹೇಳದೆ ಮುಂದೆ ಹೋಗುವಂತಿಲ್ಲ. ಬೇರೊಬ್ಬರು ಬರೆದ ಕಾರ್ಯಕ್ರಮವನ್ನು ನಮ್ಮ ಯಂತ್ರದಲ್ಲಿ ನಡೆಯಗೊಡುವುದೆಂದರೆ ಅವರ ಕೈಗೆ ಉಗ್ರಾಣದ ಬೀಗದ ಕೈಯನ್ನು ಕೊಟ್ಟಂತೆ. ‘ಆರ್’ ಸರಾಸರಿಯನ್ನಷ್ಟೇ ತೆಗೆಯುವುದಲ್ಲ. ಕಡತಗಳನ್ನು ಅಳಿಸಲೂ, ಇತರ ಯಂತ್ರಗಳೊಡನೆ ಸಂಪರ್ಕ ಬೆಳೆಸಲೂ ಬಲ್ಲದು. ಆದುದರಿಂದ ಇಂಥ ಸರ್ವರನ್ನು ಊರಿಗೆಲ್ಲ ತೆರೆದಿಡುವವರು ಪ್ರತಿಯೊಬ್ಬರ ಕಾರ್ಯಕ್ರಮವೂ ತನ್ನ ಕೋಣೆಯಿಂದ ಹೊರಬರದಂತೆ ಗೋಡೆ ಕಟ್ಟಬೇಕು. ಜೆರೂನ್ ಊಮ್ಸ್ ಎಂಬ ತಜ್ಞರು ೨೦೧೩ರಲ್ಲಿ ಪ್ರಕಟಿಸಿದ ‘ಆರ್‌ಆಪ್‌ಆರ್ಮರ್’ ಎಂಬುದು ಲಿನಕ್ಸಿನ ರಕ್ಷಣಾವ್ಯವಸ್ಥೆಯನ್ನೇ ಬಳಸಿಕೊಂಡು ಈ ಗೋಡೆಯನ್ನು ಕಟ್ಟುತ್ತದೆ. ಈ ಬಂದೋಬಸ್ತು ತಿಳಿದವರು ಇಲ್ಲದಿದ್ದರೆ, ಸರ್ವರು ಕಾಲೇಜಿನ ಆವರಣದಿಂದ ಹೊರಗೆ ಕಾಣದಂತೆ ಇರುವುದೇ ಲೇಸು.

ಈ ಭಯದಿಂದಲೇ ಹಲವರು ಬೇರೊಂದು ಮಾರ್ಗವನ್ನು ಹಿಡಿಯುತ್ತಾರೆ. ೨೦೧೨ರಿಂದ ಬಳಕೆಗೆ ಬಂದ ‘ಶೈನಿ’ ಎಂಬ ಸಾಧನದಿಂದ ಗುಂಡಿಗಳೂ ಪಟ್ಟಿಗಳೂ ಇರುವ ಅಂದವಾದ ಪುಟವನ್ನು ರಚಿಸಬಹುದು. ವಿದ್ಯಾರ್ಥಿ ಗ್ರಾಮದ ಹೆಸರನ್ನು ಆರಿಸಿ ಗುಂಡಿ ಒತ್ತುತ್ತಾನೆ, ನಕ್ಷೆ ಬರುತ್ತದೆ. ಕಾರ್ಯಕ್ರಮವು ಅವನ ಕಣ್ಣಿಗೆ ಬೀಳುವುದೇ ಇಲ್ಲ. ಅಧಿಕಾರಿಗಳಿಗೂ ಅತಿಥಿಗಳಿಗೂ ತೋರಿಸಲು ಇದು ಸೊಗಸಾಗಿದೆ. ರೈತರಿಗೂ ಉಪಯುಕ್ತವೇ. ಆದರೆ ವಿದ್ಯಾರ್ಥಿಗಳಿಗೆ ಇದನ್ನೊಂದನ್ನೇ ಕೊಡುವುದನ್ನು ನಾವು ಒಪ್ಪಲಾರೆವು. ಗುಂಡಿಯ ಹಿಂದೆ ಯಾರು ಯಾವ ಅಂಕಿಯನ್ನು ಬಿಟ್ಟರು, ಯಾವ ವರ್ಷವನ್ನು ಸೇರಿಸಿದರು, ಮಳೆಯ ದಾಖಲೆಯಿಲ್ಲದ ದಿನವನ್ನು ಸೊನ್ನೆಯೆಂದು ಎಣಿಸಿದರೋ ಖಾಲಿಯೆಂದು ಬಿಟ್ಟರೋ, ಇದೊಂದೂ ಅವನಿಗೆ ಕಾಣುವುದಿಲ್ಲ. ಈ ಕೊನೆಯದು ಸಣ್ಣ ವಿಷಯವಲ್ಲ. ಮಳೆಮಾಪಕ ಕೆಟ್ಟ ದಿನವನ್ನು ‘ಮಳೆಯಿಲ್ಲದ ದಿನ’ವೆಂದು ಬರೆದರೆ ಇಲ್ಲದ ಬರವು ಕಾಗದದ ಮೇಲೆ ಹುಟ್ಟುತ್ತದೆ. ನಾಲ್ಕು ಸಾಲಿನ ಕಾರ್ಯಕ್ರಮವನ್ನು ತಾನೇ ಬರೆದು, ತಪ್ಪಿ, ತಿದ್ದಿದವನಿಗೆ ಮಾತ್ರ ಇಂಥ ಪ್ರಶ್ನೆಗಳು ಹುಟ್ಟುತ್ತವೆ.

ಅಂಕಿಗಳು ಎಲ್ಲಿವೆ ಎಂದು ಕೇಳುವಿರಾದರೆ, ಅವುಗಳಿಗೆ ಕೊರತೆಯಿಲ್ಲ. ೧೯೮೮ರಲ್ಲಿ ಬರ ಉಸ್ತುವಾರಿ ಘಟಕವಾಗಿ ಹುಟ್ಟಿದ ಇಂದಿನ ಕರ್ನಾಟಕ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರವು ರಾಜ್ಯದಲ್ಲಿ ೬,೦೦೦ಕ್ಕೂ ಹೆಚ್ಚು ಸ್ವಯಂಚಾಲಿತ ಮಳೆಮಾಪಕಗಳನ್ನು ಗ್ರಾಮ ಪಂಚಾಯಿತಿಯ ಮಟ್ಟದಲ್ಲಿ ನೆಟ್ಟಿದೆ. ೧೫ ನಿಮಿಷಕ್ಕೊಮ್ಮೆ ಮಳೆಯ ಅಳತೆಯನ್ನು ಕಳುಹಿಸುವ ಇಂಥ ಜಾಲ ದೇಶಕ್ಕೇ ಮಾದರಿ. ನಮ್ಮ ಬೇಡಿಕೆ ಇಷ್ಟೇ: ಮಳೆಯ ಅಂಕಿಗಳೂ ಕಟಾವು ಪ್ರಯೋಗದ ಒಂದೊಂದು ತಾಕಿನ ಅಂಕಿಗಳೂ ಯಂತ್ರವು ನೇರವಾಗಿ ಓದಬಹುದಾದ ಪಟ್ಟಿಯ ರೂಪದಲ್ಲಿ ಕಾಲೇಜುಗಳಿಗೆ ಸಿಗಬೇಕು. ಮುದ್ರಿಸಿದ ಹಾಳೆಯ ಛಾಯಾಚಿತ್ರವನ್ನು ಕೊಟ್ಟರೆ ಅಂಕಿಗಳನ್ನು ಕೊಟ್ಟಂತಾಗದು.

ಒಬ್ಬರು ಹಾಕಿದ ಲೆಕ್ಕವನ್ನು ಮತ್ತೊಬ್ಬರು ಹಾಕುವುದು ಅವಿಶ್ವಾಸದ ಕುರುಹಲ್ಲವೇ ಎಂದು ಹಿರಿಯರೊಬ್ಬರು ನಮ್ಮನ್ನು ಕೇಳಿದರು. ಅಲ್ಲ, ಅದು ಭಾರತೀಯ ಸಂಖ್ಯಾಶಾಸ್ತ್ರದ ಹಳೆಯ ಸಂಪ್ರದಾಯ. ೧೯೩೧ರಲ್ಲಿ ಕಲ್ಕತ್ತೆಯ ಭಾರತೀಯ ಸಂಖ್ಯಾಶಾಸ್ತ್ರ ಸಂಸ್ಥೆಯನ್ನು ಸ್ಥಾಪಿಸಿದ ಪ್ರಶಾಂತಚಂದ್ರ ಮಹಾಲನೋಬಿಸರು ಬಂಗಾಳದ ಬೆಳೆಗಳ ಮಾದರಿ ಸಮೀಕ್ಷೆಗಳನ್ನು ನಡೆಸಿದಾಗ, ಒಂದೇ ಪ್ರದೇಶವನ್ನು ಎರಡು ಸ್ವತಂತ್ರ ತಂಡಗಳು ಬೇರೆಬೇರೆಯಾಗಿ ಅಳೆಯುವಂತೆ ಏರ್ಪಡಿಸಿದರು. ಎರಡರ ಉತ್ತರಗಳು ದೂರದೂರ ನಿಂತರೆ ಎಲ್ಲೋ ಎಡವಿದೆಯೆಂದು ತಿಳಿಯುತ್ತಿತ್ತು. ತಾಕು ಎಷ್ಟು ದೊಡ್ಡದಿರಬೇಕೆಂಬ ವಿಷಯದಲ್ಲಿ ಅವರಿಗೂ ಪಾಂಡುರಂಗ ವಾಸುದೇವ ಸುಖಾತ್ಮೆಯವರಿಗೂ ನಡೆದ ವಾದವಂತೂ ಪ್ರಸಿದ್ಧವಾದುದು. ಇಂದು ನಾವು ಅಳೆಯುವ ೨೫ ಚದರ ಮೀಟರಿನ ಹಿಂದೆ ಇಂಥ ದೊಡ್ಡವರ ಜಗಳವಿದೆ! ೧೯೫೫-೫೬ರಲ್ಲಿ ದೇಶದ ಮೊಟ್ಟಮೊದಲ ಅಂಕೀಯ ಗಣಕಯಂತ್ರವು ಬಂದು ಇಳಿದುದೂ ಆ ಸಂಸ್ಥೆಗೇ. ಅಂದು ದೇಶಕ್ಕೆ ಒಂದಿದ್ದ ಸೌಕರ್ಯವನ್ನು ಇಂದು ಹೋಬಳಿಗೊಂದರಂತೆ ಕೇಳುವುದು ದುರಾಸೆಯಾಗದು.

ನಾಯಕನಹಟ್ಟಿಯನ್ನೇ ನಾವು ಹೆಸರಿಸಲು ಇನ್ನೊಂದು ಕಾರಣವೂ ಉಂಟು. ಅಲ್ಲಿಂದ ಕೂಗಳತೆಯಷ್ಟಲ್ಲದಿದ್ದರೂ ಸಮೀಪದಲ್ಲಿಯೇ ಕುದಾಪುರವಿದೆ. ಒಂದು ಕಾಲಕ್ಕೆ ಅಮೃತಮಹಲ್ ದನಗಳು ಮೇಯುತ್ತಿದ್ದ ಕಾವಲಿನಲ್ಲಿ ಭಾರತೀಯ ವಿಜ್ಞಾನ ಸಂಸ್ಥೆಗೆ ಸುಮಾರು ೧,೫೦೦ ಎಕರೆ ದೊರೆತಿದೆ. ರಕ್ಷಣಾ ಸಂಶೋಧನೆ, ಪರಮಾಣು ಸಂಶೋಧನೆ, ಬಾಹ್ಯಾಕಾಶ ಸಂಸ್ಥೆಗಳಿಗೂ ಜಮೀನು ಹಂಚಿಕೆಯಾಯಿತು. ಹುಲ್ಲುಗಾವಲನ್ನು ಕಳೆದುಕೊಂಡ ಕುರಿಗಾಹಿಗಳ ಅಳಲು ಹಸಿರು ನ್ಯಾಯಾಧಿಕರಣದವರೆಗೂ ಹೋದ ಸಂಗತಿ ಎಲ್ಲರಿಗೂ ತಿಳಿದಿದೆ. ಅದನ್ನು ಇಲ್ಲಿ ವಿಸ್ತರಿಸುವುದಿಲ್ಲ. ವಿಜ್ಞಾನ ಸಂಸ್ಥೆಯು ಕುದಾಪುರದ ತನ್ನ ಕೇಂದ್ರದಲ್ಲಿ ಶಾಲಾ ಕಾಲೇಜುಗಳ ಅಧ್ಯಾಪಕರಿಗೆ ತರಬೇತಿ ಕೊಡುತ್ತ ಬಂದಿರುವುದು ಅಭಿನಂದನೀಯ. ಅದೇ ಸಂಸ್ಥೆಯ ಸುಲೋಚನಾ ಗಾಡ್ಗೀಳ್ ಮತ್ತು ಪಿ. ಆರ್. ಶೇಷಗಿರಿರಾವ್ ಅವರು ನೆರೆಯ ಅನಂತಪುರ ಸೀಮೆಯ ಮಳೆಯಾಶ್ರಿತ ಶೇಂಗಾವನ್ನು ಕುರಿತು, ಬಿತ್ತನೆಯ ದಿನವನ್ನು ಹಿಂದುಮುಂದು ಮಾಡಿದರೆ ಇಳುವರಿ ಏನಾದೀತೆಂದು, ಹಲವು ವರ್ಷಗಳ ಮಳೆಯ ದಾಖಲೆಯನ್ನು ಬೆಳೆಯ ಗಣಕಮಾದರಿಗೆ ಊಡಿಸಿ ಪರೀಕ್ಷಿಸಿದರು. ರೈತರೊಡನೆ ಕುಳಿತು ಅವರ ಪ್ರಶ್ನೆಗಳಿಂದಲೇ ಸಂಶೋಧನೆಯನ್ನು ಆರಂಭಿಸಿದುದು ಆ ಕೆಲಸದ ಹಿರಿಮೆ.

ಬೆಂಗಳೂರಿನ ಆ ಸಂಸ್ಥೆಯಲ್ಲಿ ೨೦೨೨ರಲ್ಲಿ ‘ಪರಮ್ ಪ್ರವೇಗ’ ಎಂಬ ಮಹಾಗಣಕವು ಸ್ಥಾಪಿತವಾಯಿತು. ಸೆಕೆಂಡಿಗೆ ೩,೩೦೦ ಲಕ್ಷ ಕೋಟಿ ಲೆಕ್ಕಗಳು ಅದರ ಸಾಮರ್ಥ್ಯ. ಹವಾಮಾನದ ಮಾದರಿಗಳಿಗೂ ಅಣುಗಳ ಅಧ್ಯಯನಕ್ಕೂ ಅಂಥದು ಬೇಕೇ ಬೇಕು. ಆದರೆ ಒಂದು ಊರಿನ ಮೂವತ್ತು ವರ್ಷದ ದಿನದಿನದ ಮಳೆ ಎಂದರೆ ಸುಮಾರು ೧೧,೦೦೦ ಅಂಕಿಗಳು. ಅಟ್ಟದಿಂದ ಇಳಿಸಿದ ನಮ್ಮ ಯಂತ್ರಕ್ಕೆ ಅದು ಒಂದು ತುತ್ತು. ದೊಡ್ಡ ಯಂತ್ರದ ಚಿತ್ರವನ್ನು ಪತ್ರಿಕೆಯಲ್ಲಿ ನೋಡಿ, ಗಣಕವಿಜ್ಞಾನವೆಂದರೆ ರಾಜಧಾನಿಯ ಸೊತ್ತು ಎಂದು ನಮ್ಮ ವಿದ್ಯಾರ್ಥಿಗಳು ಭಾವಿಸುವುದು ಸಲ್ಲದು. ಕುದಾಪುರಕ್ಕೆ ತರಬೇತಿಗೆ ಬರುವ ಅಧ್ಯಾಪಕರಿಗೆ ಸರ್ವರೊಂದನ್ನು ಕಟ್ಟಿ ನಡೆಸುವ ಕೆಲಸವನ್ನೂ ಒಂದೆರಡು ದಿನ ಕಲಿಸಿದರೆ ಹೇಗೆ ಎಂಬುದು ನಮ್ಮ ಸೂಚನೆ.

ಈಗ ಸರ್ವರಿನ ಗೊಡವೆಯೇ ಇಲ್ಲದೆ ಬ್ರೌಸರಿನ ಒಳಗೇ ‘ಆರ್’ ನಡೆಸಬಹುದಲ್ಲ ಎಂದು ಬಲ್ಲವರು ಆಕ್ಷೇಪಿಸಬಹುದು. ೨೦೨೩ರಲ್ಲಿ ಹೊರಬಂದ ‘ವೆಬ್‌ಆರ್’ ಅದನ್ನು ಸಾಧ್ಯಗೊಳಿಸಿದೆ. ಒಬ್ಬನೇ ಕುಳಿತು ಅಭ್ಯಾಸ ಮಾಡುವವನಿಗೆ ಅದು ಒಳ್ಳೆಯದು. ಆದರೆ ಸರ್ವರಿನಲ್ಲಿ ಅಂಕಿಗಳು ಎಲ್ಲರಿಗೂ ಒಂದೇ ಕಡೆ ಇರುತ್ತವೆ. ಒಬ್ಬಳು ಕಂಡುಹಿಡಿದ ತಪ್ಪನ್ನು ತಿದ್ದಿದರೆ ಎಲ್ಲರಿಗೂ ತಿದ್ದಿದಂತಾಗುತ್ತದೆ. ಈ ವರ್ಷದವರು ಬರೆದ ಕಾರ್ಯಕ್ರಮವನ್ನು ಮುಂದಿನ ವರ್ಷದವರು ತೆರೆದು ನೋಡಬಹುದು. ಊರಿನ ಮಳೆಯ ಪುಸ್ತಕವು ಊರಿನಲ್ಲಿಯೇ ಬೆಳೆಯುತ್ತ ಹೋಗುವುದು ಸಣ್ಣ ಲಾಭವಲ್ಲ.

ಇನ್ನು ಅರೆಕಲಿತವರ ಕೈಗೆ ಇಂಥ ಯಂತ್ರ ಸಿಕ್ಕಿದರೆ ತಪ್ಪು ಲೆಕ್ಕ ಹಾಕಿ ಊರಿನಲ್ಲಿ ಗದ್ದಲವೆಬ್ಬಿಸಿಯಾರು ಎಂಬ ಆಕ್ಷೇಪವೂ ಉಂಟು. ಇದನ್ನು ನಾವು ಹಗುರವಾಗಿ ತಳ್ಳಿಹಾಕುವುದಿಲ್ಲ. ನಮ್ಮ ಹನ್ನೆರಡು ಮಂದಿಯಲ್ಲಿಯೇ ಇಬ್ಬರು, ಮಳೆ ಹೆಚ್ಚಿದ ವರ್ಷಗಳಲ್ಲಿ ಇಳುವರಿ ಕಡಿಮೆಯಾದ ಎರಡು ನಿದರ್ಶನಗಳನ್ನು ಹಿಡಿದುಕೊಂಡು, ಮಳೆಯೇ ಶೇಂಗಾಕ್ಕೆ ಶತ್ರುವೆಂದು ಸಾಧಿಸಹೊರಟರು. ಮಳೆ ಎಷ್ಟು ಬಿದ್ದಿತೆಂಬುದರಷ್ಟೇ ಯಾವಾಗ ಬಿದ್ದಿತೆಂಬುದೂ ಮುಖ್ಯವೆಂದು ಅವರಿಗೆ ತಿಳಿಹೇಳಿದವರು ನಾವಲ್ಲ. ಮನೆಯ ಯಜಮಾನರಾದ ವೃದ್ಧ ರೈತರು. ಹೂವಾಗಿ ಊಡು ನೆಲಕ್ಕಿಳಿಯುವ ಹೊತ್ತಿನಲ್ಲಿ ನೆಲ ಒಣಗಿದ್ದರೆ, ಆಮೇಲೆ ಕೆರೆ ಕೋಡಿ ಬಿದ್ದರೂ ಕಾಯಿ ಕಟ್ಟದೆಂದು ಅವರು ಹೇಳಿದರು. ಹುಡುಗರು ಕೂಡಲೇ ವರ್ಷದ ಮಳೆಯನ್ನು ವಾರವಾರದ ಮಳೆಯಾಗಿ ಒಡೆದು ಮತ್ತೆ ಲೆಕ್ಕಕ್ಕೆ ಕುಳಿತರು.

ಕೊನೆಯ ದಿನ ನಮ್ಮ ಕಲ್ಪಿತ ನಾಲ್ಕು ತಾಕುಗಳ ಲೆಕ್ಕವನ್ನು ಮತ್ತೊಮ್ಮೆ ನಡೆಸಿದೆವು. ೩,೩೦೦ರ ಸಮೀಪದ ಸಂಖ್ಯೆಯೇ ಬಂದಿತು. ಬಿ.ಎಸ್ಸಿ. ಓದುತ್ತಿದ್ದ ಹುಡುಗಿಯೊಬ್ಬಳು ಬಹಳ ಹೊತ್ತು ತೆರೆಯನ್ನೇ ನೋಡುತ್ತಿದ್ದು, “ಸಾರ್, ನಾಲ್ಕರ ಬದಲು ಎಂಟು ತಾಕು ಅಳೆದರೆ ಈ ಮಬ್ಬು ಅರ್ಧಕ್ಕಿಳಿಯುತ್ತದೆಯೇ?” ಎಂದು ಕೇಳಿದಳು. ಅರ್ಧಕ್ಕಲ್ಲ, ಅರ್ಧಕ್ಕಿಳಿಯಬೇಕಾದರೆ ಹದಿನಾರು ತಾಕು ಬೇಕೆಂದೆವು. ಹಾಗಾದರೆ ಹದಿನಾರು ತಾಕು ಕೊಯ್ಯುವುದಕ್ಕೆ ಒಂದು ಪಂಚಾಯಿತಿಗೆ ಎಷ್ಟು ಆಳು, ಎಷ್ಟು ದಿನ ಬೇಕಾಗುತ್ತದೆಂದು ಅವಳು ಯಜಮಾನರನ್ನು ವಿಚಾರಿಸತೊಡಗಿದಳು. ಅಷ್ಟರಲ್ಲಿ ಕರೆಂಟು ಹೋಯಿತು. ಸರ್ವರು ಬ್ಯಾಟರಿಯ ಮೇಲೆ ನಡೆಯುತ್ತಲೇ ಇತ್ತು.